ಜನಪ್ರಿಯತೆ ಏರುತ್ತಿರುವ ಹೆಸರುಗಳ ಸಂತೆಯಲ್ಲಿ ನಿಮ್ಮ ಮಗುವಿಗೊಂದು ಹೆಸರು: ಆರಿಸುವುದರಿಂದ ನೋಂದಾಯಿಸುವವರೆಗೆ

ಮಗು ಹುಟ್ಟುವ ಮೊದಲೇ ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಹೆಸರುಗಳ ಪಟ್ಟಿ ಬಂದು ಬೀಳುತ್ತದೆ. ಅತ್ತಿಗೆಯ ಪಟ್ಟಿಯಲ್ಲಿ ರಿಯಾಂಶ್, ಭಾವನ ಪಟ್ಟಿಯಲ್ಲಿ ಶಿವಾಂಶ್, ಯಾರೋ ಇಳಿಸಿಕೊಂಡು ಕಳಿಸಿದ ಪಿಡಿಎಫ್‌ನಲ್ಲಿ ದೇವಾಂಶ್, ರುದ್ರಾಂಶ್, ಕೃಷ್ಣಾಂಶ್. ಎಲ್ಲರೂ ‘ಯಾರೂ ಇಡದ ಹೆಸರು’ ಹುಡುಕಲು ಹೊರಟವರೇ. ಬಂದು ಸೇರಿದ್ದು ಮಾತ್ರ ಒಂದೇ ಬಾಲಕ್ಕೆ.

ಹೆಸರು ಜನಪ್ರಿಯವಾದರೆ ಏನೂ ಕೆಡುವುದಿಲ್ಲ. ಕರ್ನಾಟಕದಲ್ಲಿ ಮಂಜುನಾಥರು, ನಾಗರಾಜರು ಕಡಿಮೆಯೇ? ಒಬ್ಬರಿಗೂ ಅದರಿಂದ ಕೆಲಸ ತಪ್ಪಿಲ್ಲ, ಮದುವೆ ನಿಂತಿಲ್ಲ. ನನ್ನ ತಕರಾರು ಬೇರೆ: ಅಪರೂಪದ್ದು ಎಂದು ನಂಬಿ ಎಲ್ಲರ ಹೆಸರನ್ನೇ ಇಡುವುದು, ಅದನ್ನು ಕನ್ನಡದಲ್ಲಿ ಹೇಗೆ ಬರೆಯಬೇಕೆಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲದಿರುವುದು. ಇವೆರಡನ್ನೂ ತಪ್ಪಿಸಬಹುದು. ಹೇಗೆ ಎಂದು ಒಂದೊಂದಾಗಿ ನೋಡೋಣ.

ಮೊದಲು ಹೆಸರಿನ ಬಾಲ ನೋಡಿ

ಹೆಸರಿನ ವಯಸ್ಸು ಅದರ ಕೊನೆಯಲ್ಲಿ ಇರುತ್ತದೆ. ತಿಮ್ಮಪ್ಪ, ನಿಂಗಪ್ಪ, ಕೆಂಪಮ್ಮ, ಗಂಗವ್ವ ಮುತ್ತಜ್ಜ–ಮುತ್ತಜ್ಜಿಯರ ಕಾಲದವರು. ರಮೇಶ, ಸುರೇಶ, ಗಿರೀಶ, ಗೀತಾ, ಲತಾ, ಶೋಭಾ ಈಗ ನಿವೃತ್ತಿಯ ಆಸುಪಾಸಿನಲ್ಲಿ ಇದ್ದಾರೆ. ಪ್ರಶಾಂತ್, ಕಿರಣ್, ಸಂತೋಷ್, ದಿವ್ಯಾ, ರಮ್ಯಾ, ಕಾವ್ಯಾ ಮನೆಸಾಲದ ಕಂತು ಕಟ್ಟುತ್ತಿದ್ದಾರೆ. ಮುಖ ನೋಡದೆಯೇ ಅಂದಾಜು ವಯಸ್ಸು ಹೇಳಬಹುದು. ಮಗುವಿನ ಹೆಸರು ಈಗಿನ ಯಾವ ಬಾಲಕ್ಕೆ ಸೇರಿದೆಯೋ ನೋಡಿಕೊಂಡರೆ, ಮುಂದೆ ಅವನ ವಯಸ್ಸನ್ನೂ ಜನ ಹಾಗೆಯೇ ಹೇಳುತ್ತಾರೆ ಎಂದು ತಿಳಿಯಿರಿ.

ಈಗ ಓಡುತ್ತಿರುವ ಬಾಲಗಳು ನನಗೆ ಕಂಡಂತೆ ನಾಲ್ಕೈದು. ‘ಆಂಶ್’ ಗುಂಪನ್ನು ಆಗಲೇ ಹೇಳಿದೆ. ಶಿವಾಂಶ, ದೇವಾಂಶ ಎಂಬುವು ವ್ಯಾಕರಣಕ್ಕೆ ಸರಿ ಹೊಂದುತ್ತವೆ. ಶಿವನ ಅಂಶ, ದೇವರ ಅಂಶ. ರಿಯಾಂಶ್‌ನಲ್ಲಿ ಅಂಶ ಯಾರದ್ದು ಎಂದು ಕೇಳಿದರೆ ಒಬ್ಬರು ಸೂರ್ಯ ಎನ್ನುತ್ತಾರೆ, ಇನ್ನೊಬ್ಬರು ವಿಷ್ಣು ಎನ್ನುತ್ತಾರೆ. ಇಷ್ಟೊಂದು ಮಕ್ಕಳಿಗೆ ಇಟ್ಟಿರುವ ಈ ಬಾಲವೇ ಎಲ್ಲಕ್ಕಿಂತ ಬೇಗ ಹಳತಾಗುತ್ತದೆ ಎಂಬುದು ನನ್ನ ಅನಿಸಿಕೆ.

ಎರಡನೆಯದು ‘ವಿಕ್’. ಋತ್ವಿಕ್, ಸಾತ್ವಿಕ್, ಅದ್ವಿಕ್. ಋತ್ವಿಕ್ ಎಂದರೆ ಯಜ್ಞ ಮಾಡಿಸುವವನು, ಸಾತ್ವಿಕ ಎಲ್ಲರಿಗೂ ಗೊತ್ತಿರುವ ಪದ. ಅದ್ವಿಕ್‌ಗೆ ‘ಎರಡನೆಯವನಿಲ್ಲದವನು’ ಎಂದು ಅರ್ಥ ಕೊಡುತ್ತಾರೆ. ಅದು ಬೇಕಿದ್ದರೆ ಅದ್ವಿತೀಯ, ಅದ್ವೈತ ಇದ್ದೇ ಇವೆಯಲ್ಲ.

ಹುಡುಗಿಯರಲ್ಲಿ ‘ನ್ವಿ’ಯದೇ ರಾಜ್ಯ: ಸಾನ್ವಿ, ತನ್ವಿ, ಜಾನ್ವಿ, ಮಾನ್ವಿ, ಇಶಾನ್ವಿ. ತನ್ವಿ ಹಳೆಯ ಸಂಸ್ಕೃತ ಪದ, ತೆಳುಮೈಯವಳು. ಜಾನ್ವಿ ಜಾಹ್ನವಿಯ ಮೊಟಕು. ಪೂರ್ತಿ ಇಟ್ಟರೆ ಹೆಸರು ಗಂಗೆಯದ್ದಾಗುತ್ತದೆ, ಬಾಯಿಗೆ ಸ್ವಲ್ಪ ಕಷ್ಟ ಅಷ್ಟೆ. ಮಾನ್ವಿ ರಾಯಚೂರು ಜಿಲ್ಲೆಯ ತಾಲ್ಲೂಕು ಕೇಂದ್ರ. ಆ ಕಡೆಯ ಬಸ್ ನಿಲ್ದಾಣದಲ್ಲಿ ಮಗಳನ್ನು ಕೂಗಿ ಕರೆದರೆ ನಾಲ್ಕು ಜನ ಪ್ರಯಾಣಿಕರು ಬಸ್ ಯಾವುದೆಂದು ತಿರುಗಿ ನೋಡಿಯಾರು.

ಇನ್ನು ಮೈರಾ, ಆಯ್ರಾ, ಕಿಯಾರಾ ಗುಂಪು. ಕಿಯಾರಾ ಎಂಬುದು ಇಟಲಿಯವರ ಹಳೆಯ ಹೆಸರು. 13ನೇ ಶತಮಾನದ ಅಸ್ಸೀಸಿಯ ಸಂತ ಕ್ಲಾರಾಳನ್ನು ಅವರು ಕರೆಯುವುದು ಹಾಗೆಯೇ. ಬೆಳಗುವವಳು, ತಿಳಿಯಾದವಳು ಎಂಬ ಒಳ್ಳೆಯ ಅರ್ಥವೇ ಅದಕ್ಕಿದೆ. ಅದನ್ನು ಸಂಸ್ಕೃತದ ಹೆಸರೆಂದು ಸಾಧಿಸಲು ಹೊರಡಬೇಡಿ, ಸಾಕು. ಅಯಾನ್, ರೆಹಾನ್, ವಿಹಾನ್ ಸಾಲಿನ ಹೆಸರುಗಳ ಬಗ್ಗೆ ನನಗೆ ಒಂದು ವಿಷಯ ಇಷ್ಟ: ಅಯಾನ್ ಎಂಬ ಹುಡುಗ ಹಿಂದೂ ಮನೆಯಲ್ಲೂ ಇರುತ್ತಾನೆ, ಮುಸ್ಲಿಂ ಮನೆಯಲ್ಲೂ ಇರುತ್ತಾನೆ. ಹೆಸರು ಕೇಳಿ ಜಾತಿ ಧರ್ಮ ಅಳೆಯುವವರಿಗೆ ಸ್ವಲ್ಪ ತೊಡಕಾಗಲಿ.

ಇದೆಲ್ಲದರ ಎದುರು ದಿಕ್ಕಿನಲ್ಲಿ ಎರಡು ಸಣ್ಣ ಅಲೆಗಳು ಏಳುತ್ತಿವೆ. ಒಂದು, ಅಜ್ಜಿಯರ ಕಾಲದ ಗಿಡ್ಡ ಹೆಸರುಗಳು ತಿರುಗಿ ಬರುತ್ತಿರುವುದು: ಗೌರಿ, ಜಾನಕಿ, ತಾರಾ, ಮೀರಾ, ರುದ್ರ, ಕೃಷ್ಣ. ಇನ್ನೊಂದು, ಕನ್ನಡದ ಪದಗಳನ್ನೇ ಹೆಸರು ಮಾಡುವುದು: ಇಂಚರ, ಸಿರಿ, ನೇಸರ, ಇಬ್ಬನಿ, ಮುಗಿಲು, ಒಲವು, ಅರಿವು. ನನ್ನ ಓಟು ಈ ಎರಡಕ್ಕೆ. ಆದರೂ ಕನ್ನಡ ಪದಗಳಿಗೊಂದು ಹೆಚ್ಚಿನ ಪರೀಕ್ಷೆ ಬೇಕು. ಹೆಸರಿನ ಮುಂದೆ ‘ಇಲ್ಲ’ ಹಾಕಿ ನೋಡಿ. ‘ಮನೇಲಿ ಅರಿವು ಇಲ್ವಾ?’ ಎಂದು ಫೋನಿನಲ್ಲಿ ಕೇಳಿದರೆ ತಡೆದುಕೊಳ್ಳುವಿರಾ? ಇಬ್ಬನಿ, ನೇಸರಕ್ಕೆ ಈ ಕಾಟ ಇಲ್ಲ. ಸಿರಿಗೆ 2011ರಿಂದ ಬೇರೆ ಕಾಟ: ಆ್ಯಪಲ್ ಫೋನಿನೊಳಗಿನ ಸಹಾಯಕಿಗೂ ಅದೇ ಹೆಸರು. ಮಗಳನ್ನು ಕರೆದರೆ ಫೋನು ಓಗೊಡುತ್ತದೆ. ಅಮೆಜಾನ್‌ನವರ ಮಾತಾಡುವ ಪೆಟ್ಟಿಗೆ ಬಂದ ಮೇಲೆ ಅಮೆರಿಕದಲ್ಲಿ ಅಲೆಕ್ಸಾ ಎಂಬ ಹೆಸರು ನೆಲಕಚ್ಚಿತು. ನಮ್ಮ ಸಿರಿಗೆ ಆ ಗತಿ ಬರಬೇಕಿಲ್ಲ. ಆ ಪದ ಆ ಕಂಪನಿಗಿಂತ ಬಹಳ ಹಿರಿಯದು.

ಹೊಸ ಹೆಸರು ಕಟ್ಟುವುದು ಈ ಕಾಲದ ಚಾಳಿ ಎಂದು ಬೈಯುವವರು ಕುವೆಂಪು ಅವರ ಮನೆಯನ್ನು ನೆನೆಯಬೇಕು. 1938ರಲ್ಲಿ ಹುಟ್ಟಿದ ಮಗನಿಗೆ ಅವರು ಇಟ್ಟ ಹೆಸರು ಪೂರ್ಣಚಂದ್ರ ತೇಜಸ್ವಿ. ಆಮೇಲಿನವರು ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ. ಊರಲ್ಲೆಲ್ಲ ಪುಟ್ಟಪ್ಪ, ತಿಮ್ಮಯ್ಯ, ಮಂಜಪ್ಪರೇ ಇದ್ದ ಕಾಲ ಅದು. ತೇಜಸ್ವಿಯವರು ತಮ್ಮ ಹೆಣ್ಣುಮಕ್ಕಳಿಗೆ ಸುಸ್ಮಿತಾ, ಈಶಾನ್ಯೆ ಎಂದು ಹೆಸರಿಟ್ಟರು. ಹೊಸದಾಗಿದ್ದರೂ ಒಂದೊಂದಕ್ಕೂ ಬೇರು ಇತ್ತು. ಕುವೆಂಪು ಗಂಡುಮಗುವಿಗೆ ಇಟ್ಟ ಚೈತ್ರ ಈಗ ಹೆಚ್ಚಾಗಿ ಹುಡುಗಿಯರ ಹೆಸರು, ಅದು ಬೇರೆ ಮಾತು.

ನಿಮ್ಮ ಬೀದಿಯ ಎಣಿಕೆ ನೀವೇ ಮಾಡಿ

ಅಮೆರಿಕದ ಸಾಮಾಜಿಕ ಭದ್ರತಾ ಇಲಾಖೆ ಪ್ರತಿ ವರ್ಷ ಮಕ್ಕಳ ಹೆಸರುಗಳ ಎಣಿಕೆ ಹೊರಡಿಸುತ್ತದೆ. 1880ರಿಂದ ಈಚಿನ ಪಟ್ಟಿ ಯಾರು ಬೇಕಾದರೂ ನೋಡಬಹುದು. ಇಂಗ್ಲೆಂಡ್ ಮತ್ತು ವೇಲ್ಸ್‌ಗೂ ಸರ್ಕಾರಿ ಪಟ್ಟಿ ಇದೆ. 2023ರಲ್ಲಿ ಅಲ್ಲಿ ಗಂಡುಮಕ್ಕಳ ಹೆಸರುಗಳಲ್ಲಿ ಮುಹಮ್ಮದ್ ಮೊದಲ ಸ್ಥಾನಕ್ಕೆ ಬಂತು. ಕರ್ನಾಟಕಕ್ಕೆ ಅಂಥ ಪಟ್ಟಿ ಇಲ್ಲ. ‘ಈ ವರ್ಷದ ಟಾಪ್ 100 ಕನ್ನಡ ಹೆಸರುಗಳು’ ಎಂದು ಜಾಲತಾಣಗಳು ಕೊಡುವುದೆಲ್ಲ ಅವರವರ ಆಯ್ಕೆ. ಅದರಲ್ಲಿ ನಿಜವಾಗಿ ಇರುವ ಮಾಹಿತಿ ಒಂದೇ: ಈ ಪಟ್ಟಿಯನ್ನು ಇನ್ನೂ ಸಾವಿರಾರು ಅಪ್ಪ ಅಮ್ಮಂದಿರು ಓದುತ್ತಿದ್ದಾರೆ.

ಹಾಗಾಗಿ ಸುತ್ತಮುತ್ತ ಕೇಳುವುದೇ ದಾರಿ. ಅಂಗನವಾಡಿ ಟೀಚರ್, ಶಿಶುವಿಹಾರದ ಆಯಾ, ಮಕ್ಕಳ ಡಾಕ್ಟರ ಬಳಿ ಚೀಟಿ ಕೂಗುವ ಸಿಬ್ಬಂದಿ, ಇವರ ಬಾಯಲ್ಲಿ ದಿನವೂ ಮೂರು ವರ್ಷದೊಳಗಿನ ಹೆಸರುಗಳೇ. ಎಲ್ಲರಿಗಿಂತ ಚೆನ್ನಾಗಿ ತಿಳಿದವನು ಬೇಕರಿಯಲ್ಲಿ ಕೇಕಿನ ಮೇಲೆ ಹೆಸರು ಬರೆಯುವ ಹುಡುಗ. ‘ಈಚೆಗೆ ಯಾವ ಹೆಸರು ಜಾಸ್ತಿ ಬರೀತೀಯಪ್ಪಾ?’ ಎಂದು ಕೇಳಿ. ಯೋಚಿಸದೆ ನಾಲ್ಕು ಹೇಳುತ್ತಾನೆ, ಕಾಗುಣಿತ ಎಷ್ಟು ಬಗೆ ಎಂಬುದನ್ನೂ ಹೇಳುತ್ತಾನೆ. ನಿಮ್ಮ ಮಗು ಓದಬಹುದಾದ ಶಾಲೆಯಲ್ಲಿ ಪರಿಚಯದವರಿದ್ದರೆ ಎಲ್‌ಕೆಜಿ ಹೆಸರುಗಳನ್ನು ಒಮ್ಮೆ ಕೇಳಿಸಿಕೊಳ್ಳಿ. ಹೆಸರನ್ನಷ್ಟೇ ಹೋಲಿಸಬೇಡಿ, ಬಾಲವನ್ನೂ ಹೋಲಿಸಿ. ತರಗತಿಯಲ್ಲಿ ಇನ್ನೊಬ್ಬ ಶಿವಾಂಶ್ ಇಲ್ಲದಿರಬಹುದು; ದೇವಾಂಶ್, ರುದ್ರಾಂಶ್ ಇದ್ದರೆ ಹಿಂದಿನ ಬೆಂಚಿಗೆ ಕೇಳಿಸುವುದು ‘...ಆಂಶ್’ ಮಾತ್ರ.

ಎಣಿಕೆಯಲ್ಲಿ ಒಂದೆರಡು ಸಿಕ್ಕರೆ ಹೆಸರನ್ನು ಕೈಬಿಡಬೇಕಿಲ್ಲ. ಇಷ್ಟವಾದ ಹೆಸರು ಇಷ್ಟವೇ. ಅಪರೂಪದ್ದು ಎಂಬ ಒಂದೇ ಕಾರಣಕ್ಕೆ ಆರಿಸಿದ್ದರೆ ಮಾತ್ರ ಇಲ್ಲಿಗೇ ನಿಲ್ಲಿಸಿ.

ಹೆಸರು ಯಾರ ಮನೆಯಿಂದ ಬಂತು?

ಜನಪ್ರಿಯತೆ ಏರುತ್ತಿರುವ ಹೆಚ್ಚಿನ ಹೆಸರುಗಳಿಗೆ ಒಂದು ಮೂಲ ಮನೆ ಇರುತ್ತದೆ. ನಟ ಅಕ್ಷಯ್ ಕುಮಾರ್ ಅವರ ಮಗ ಆರವ್ ಹುಟ್ಟಿದ್ದು 2002ರಲ್ಲಿ. ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ಅವರ ಮಗಳು ಆರಾಧ್ಯಾ ಹುಟ್ಟಿದ್ದು 2011ರ ನವೆಂಬರ್‌ನಲ್ಲಿ. ಅಲ್ಲಿಂದೀಚೆ ಈ ಎರಡೂ ಹೆಸರು ದೇಶದ ತುಂಬ. ನಮ್ಮಲ್ಲಿ ಆರಾಧ್ಯಕ್ಕೆ ಒಂದು ತಮಾಷೆಯೂ ಸೇರಿತು. ಕನ್ನಡನಾಡಿನಲ್ಲಿ ಆರಾಧ್ಯ ಎಂಬುದು ಮೊದಲಿನಿಂದಲೂ ಗಂಡಸರ ಹೆಸರಿನ ತುದಿ: ಪಂಡಿತಾರಾಧ್ಯ, ರೇಣುಕಾರಾಧ್ಯ. ಮಠದ ಅಂಗಳದಲ್ಲಿ ‘ಆರಾಧ್ಯರೇ’ ಎಂದರೆ ಹಿರಿಯರೊಬ್ಬರು ತಿರುಗುತ್ತಿದ್ದರು. ಈಗ ಎರಡು ಜಡೆಯ ಹುಡುಗಿಯೂ ತಿರುಗುತ್ತಾಳೆ. ಯಶ್ ಮತ್ತು ರಾಧಿಕಾ ಪಂಡಿತ್ ಮಕ್ಕಳಿಗೆ ಆಯ್ರಾ, ಯಥರ್ವ್ ಎಂದು ಹೆಸರಿಟ್ಟಾಗ ಅದರ ಅರ್ಥವೇನೆಂದು ಟಿವಿಯಲ್ಲಿ ಚರ್ಚೆಯೇ ನಡೆಯಿತು.

ಅಭಿಮಾನದಿಂದ ಇಡುವ ಹೆಸರು ಬೇರೆ ಜಾತಿ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡ ಮೇಲೆ ಎಷ್ಟೋ ಮನೆಗಳಲ್ಲಿ ಗಂಡುಮಗುವಿಗೆ ಪುನೀತ್, ಅಪ್ಪು ಎಂದರು. ಅವರ ಹುಟ್ಟುಹೆಸರು ಲೋಹಿತ್. ಚಿಕ್ಕವರಿದ್ದಾಗಿನ ಚಿತ್ರಗಳಲ್ಲಿ ಮಾಸ್ಟರ್ ಲೋಹಿತ್. ಅದನ್ನು ಇಟ್ಟುಕೊಂಡರೂ ಅಭಿಮಾನ ಉಳಿಯುತ್ತದೆ, ಗುಂಪಿನಲ್ಲಿ ಕಳೆದುಹೋಗುವುದೂ ಇಲ್ಲ. ಸಚಿನ್ ತೆಂಡೂಲ್ಕರ್ ಹೆಸರು ಬಂದದ್ದು ಸಂಗೀತ ನಿರ್ದೇಶಕ ಸಚಿನ್ ದೇವ್ ಬರ್ಮನ್ ಅವರಿಂದ. ಆಮೇಲೆ ಹುಟ್ಟಿದ ಸಚಿನ್‌ಗಳಲ್ಲಿ ಎಷ್ಟು ಜನರಿಗೆ ಬರ್ಮನ್ ಗೊತ್ತು?

ಘಟನೆಯ ಹೆಸರುಗಳ ಬಗ್ಗೆ ಎಚ್ಚರ ಬೇಕು. 2023ರ ಆಗಸ್ಟ್‌ನಲ್ಲಿ ಚಂದ್ರಯಾನ–3 ಇಳಿದಾಗ ಯಾದಗಿರಿ ಜಿಲ್ಲೆಯ ಒಂದು ಕುಟುಂಬ ತಮ್ಮ ಎರಡು ಕೂಸುಗಳಿಗೆ ವಿಕ್ರಮ್, ಪ್ರಜ್ಞಾನ್ ಎಂದು ಹೆಸರಿಟ್ಟದ್ದು ಸುದ್ದಿಯಾಯಿತು. ಅವು ಸುದ್ದಿ ಮರೆತ ಮೇಲೂ ನಿಲ್ಲುವ ಹೆಸರುಗಳು. ಪರೀಕ್ಷೆ ಅಷ್ಟೇ: ಘಟನೆಯನ್ನು ವಿವರಿಸದೆ ಹೆಸರು ನಿಲ್ಲುತ್ತದೆಯೇ? ಬಿಡದಿ ಬಳಿಯ ಭದ್ರಾಪುರದ ಹಕ್ಕಿಪಿಕ್ಕಿ ಜನ ಮಕ್ಕಳಿಗೆ ಹೈಕೋರ್ಟ್, ಗೂಗಲ್, ಕಾಫಿ ಎಂದೆಲ್ಲ ಹೆಸರಿಡುತ್ತಾರೆ. ಕೇಳಿ ನಗುವವರು ಇದ್ದಾರೆ. ನನಗಂತೂ ಅವರು ನಮಗಿಂತ ಪ್ರಾಮಾಣಿಕರು ಅನಿಸುತ್ತದೆ. ಕಿವಿಗೆ ಬಿದ್ದು ಇಷ್ಟವಾಯಿತು, ಇಟ್ಟರು, ಸಂಸ್ಕೃತ ಅರ್ಥ ಕಟ್ಟಲು ಹೋಗಲಿಲ್ಲ.

ಅರ್ಥವನ್ನು ನಿಘಂಟಿನಲ್ಲಿ ನೋಡಿ

ಹೆಸರಿನ ಜಾಲತಾಣಗಳು ಯಾವ ಹೆಸರಿಗೂ ಕೆಟ್ಟ ಅರ್ಥ ಕೊಡುವುದಿಲ್ಲ. ಎಲ್ಲ ಗಂಡುಮಕ್ಕಳೂ ಸೂರ್ಯ, ವಿಷ್ಣು. ಎಲ್ಲ ಹೆಣ್ಣುಮಕ್ಕಳೂ ಲಕ್ಷ್ಮಿ, ದುರ್ಗೆ. ಅದಕ್ಕೇ ನಿಘಂಟು ಬೇಕು. ಆರವ್‌ಗೆ ‘ಶಾಂತ’ ಎಂದು ಅಲ್ಲಿ ಬರೆದಿರುತ್ತದೆ. ನಿಘಂಟಿನಲ್ಲಿ ‘ಆರವ’ ಎಂದರೆ ಧ್ವನಿ, ಕೂಗು; ಸದ್ದಿಲ್ಲದ್ದು ‘ನೀರವ’. ಮಗು ಎಂದ ಮೇಲೆ ಕೂಗದೆ ಇರುತ್ತದೆಯೇ, ಹೆಸರು ಸರಿಯಾಗಿಯೇ ಇದೆ ಎಂದುಕೊಂಡರೆ ಮುಗಿಯಿತು. ಅನೀಕ ಎಂದರೆ ಸೈನ್ಯ. ಅದನ್ನೇ ಹುಡುಗಿಗೆ ಅನಿಕಾ ಎಂದು ಇಟ್ಟು ‘ದುರ್ಗೆ’ ಎನ್ನುವುದುಂಟು. ವಿಹಾನ್‌ಗೆ ಬೆಳಗು ಎಂಬ ಅರ್ಥ ಸುಳ್ಳಲ್ಲ. ಉತ್ತರದ ಹಳ್ಳಿಗಳಲ್ಲಿ ಬೆಳಗಿನ ಜಾವಕ್ಕೆ ‘ಬಿಹಾನ್’ ಎಂದೇ ಹೇಳುತ್ತಾರೆ.

ಕಿಟ್ಟೆಲ್ ಅವರ 1894ರ ನಿಘಂಟು, ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು, ಅಂತರಜಾಲದಲ್ಲಿ ಬಿಟ್ಟಿಯಾಗಿ ಸಿಗುವ ‘ಅಲರ್’, ಇವುಗಳಲ್ಲಿ ಯಾವುದಾದರೂ ಒಂದನ್ನು ತೆರೆದು ನೋಡಿ. ಪದ ಸಿಗದಿದ್ದರೆ ಅದು ಕಟ್ಟಿದ ಹೆಸರು ಎಂದುಕೊಳ್ಳಿ, ಇಡಬಾರದು ಎಂದಲ್ಲ. ಅಪ್ಪನ ಹೆಸರಿಂದ ಒಂದಕ್ಷರ, ಅಮ್ಮನ ಹೆಸರಿಂದ ಎರಡಕ್ಷರ ಹೊಲಿದು ಹೆಸರು ಮಾಡುವವರು ಹೆಚ್ಚುತ್ತಿದ್ದಾರೆ. ಕೇಳಲು ಹಿತವಾಗಿದ್ದರೆ ಇಡಿ, ‘ನಾವೇ ಕಟ್ಟಿದ್ದು’ ಎಂದು ಹೇಳಿ. ಮಗು ದೊಡ್ಡದಾದ ಮೇಲೆ ಹುಸಿ ಅರ್ಥಕ್ಕಿಂತ ಆ ಕಥೆಯೇ ಅದಕ್ಕೆ ಹೆಚ್ಚು ಇಷ್ಟವಾಗುತ್ತದೆ.

ನಕ್ಷತ್ರದ ಅಕ್ಷರ

ಜೋಯಿಸರು ಹುಟ್ಟಿದ ನಕ್ಷತ್ರ ನೋಡಿ ಕೊಡುವ ಮೊದಲಕ್ಷರ ಪಾಲಿಸುವ ಮನೆಯವರಿಗೆ ಮಾತ್ರ ಈ ಭಾಗ. ಅಶ್ವಿನಿಗೆ ಚು, ಚೇ, ಚೋ, ಲ. ಮಖೆಗೆ ಮಾ, ಮೀ, ಮೂ, ಮೇ. ಅನೂರಾಧೆಗೆ ನಾ, ನೀ, ನೂ, ನೇ. ಇವರೆಲ್ಲ ಪುಣ್ಯವಂತರು. ಹಸ್ತಕ್ಕೆ ಪು, ಷ, ಣ, ಠ. ಆರ್ದ್ರೆಗೆ ಕು, ಘ, ಙ, ಛ. ಉತ್ತರಾಭಾದ್ರೆಗೆ ದು, ಥ, ಝ, ಞ. ‘ಣ’ದಿಂದ ಶುರುವಾಗುವ ಒಂದು ಹೆಸರು ಹೇಳಿ ನೋಡೋಣ! ಆಶ್ಲೇಷದ ಡೀ, ಡೂ, ಡೇ, ಡೋಗೆ ಡಿಂಪಲ್ ಬಿಟ್ಟರೆ ಏನೂ ನೆನಪಾಗದು.

ಇಕ್ಕಟ್ಟಿನ ಅಕ್ಷರ ಬಂದವರೆಲ್ಲ ಅದೇ ಆ್ಯಪ್ ತೆರೆದು ಅದೇ ನಾಲ್ಕು ಹೆಸರಿಗೆ ಬರುತ್ತಾರೆ. ಹಳಬರು ಇದಕ್ಕೆ ಸುಲಭದ ದಾರಿ ಮಾಡಿಟ್ಟಿದ್ದರು. ನಾಮಕರಣದಲ್ಲಿ ತಟ್ಟೆಯ ಅಕ್ಕಿಯ ಮೇಲೆ ಚಿನ್ನದ ಉಂಗುರದಿಂದ ಬರೆಯುವುದು ಒಂದೇ ಹೆಸರನ್ನಲ್ಲ. ನಕ್ಷತ್ರದ್ದು, ಮಾಸದ್ದು, ಮನೆದೇವರದ್ದು ಎಲ್ಲ ಬರೆದು ಕೊನೆಗೆ ವ್ಯಾವಹಾರಿಕ ನಾಮ. ಸಂಕಲ್ಪಕ್ಕೆ ನಕ್ಷತ್ರನಾಮ ಇರಲಿ, ಶಾಲೆಗೆ ನಿಮಗೆ ಇಷ್ಟವಾದದ್ದು ಇರಲಿ. ‘ಅಜ್ಜನ ಹೆಸರು ಇಡಲೇಬೇಕು’ ಎಂದು ಅತ್ತೆ ಪಟ್ಟು ಹಿಡಿದರೂ ಇದೇ ತಟ್ಟೆಯಲ್ಲಿ ಜಾಗ ಇದೆ. ರಾಜಿ ಆಗದ ಕಡೆ ಏನಾಗುತ್ತದೆ ಎನ್ನುವುದಕ್ಕೆ ಮೈಸೂರು ಜಿಲ್ಲೆಯ ಹುಣಸೂರಿನ ಉದಾಹರಣೆ ಇದೆ. ಹೆಸರಿನ ವಿಷಯಕ್ಕೆ ಗಂಡ ಹೆಂಡತಿ ವರ್ಷಗಟ್ಟಲೆ ಮುನಿಸಿಕೊಂಡು ಕೋರ್ಟಿಗೆ ಹೋದರು. ಕೊನೆಗೆ 2024ರ ಡಿಸೆಂಬರ್‌ನಲ್ಲಿ ಮಗುವಿನ ಹೆಸರು ತೀರ್ಮಾನವಾದದ್ದು ನ್ಯಾಯಾಲಯದಲ್ಲಿ. ಅಷ್ಟರಲ್ಲಿ ಮಗುವಿಗೆ ಮೂರು ವರ್ಷ.

ಕನ್ನಡದಲ್ಲಿ ಮೊದಲು ಬರೆಯಿರಿ

ಈ ಲೇಖನದಲ್ಲಿ ಒಂದೇ ಒಂದನ್ನು ಪಾಲಿಸುವುದಾದರೆ ಇದನ್ನು ಪಾಲಿಸಿ. ಹೆಸರನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ಮನೆಯವರೆಲ್ಲ ಒಪ್ಪಿದ ಮೇಲೆ ಇಂಗ್ಲಿಷ್ ಕಾಗುಣಿತಕ್ಕೆ ಕೈಹಾಕಿ. ಈಗ ನಡೆಯುತ್ತಿರುವುದು ಉಲ್ಟಾ. ಇಂಗ್ಲಿಷ್‌ನಲ್ಲಿ ಹೆಸರು ಆರಿಸುತ್ತಾರೆ, ಕಂಪ್ಯೂಟರ್ ಮುಂದೆ ಕೂತ ಸಿಬ್ಬಂದಿ ಅದನ್ನು ತನಗೆ ತೋಚಿದಂತೆ ಕನ್ನಡಕ್ಕೆ ತಿರುಗಿಸುತ್ತಾರೆ. ಆದ್ಯಾ ಎಂದರೆ ಮೊದಲನೆಯವಳು. ಅವಳ ಇಂಗ್ಲಿಷ್ ಹೆಸರಿಗೆ ‘ಡಿ’ ನಂತರ ‘ಎಚ್’ ಸೇರಿಸಿದ ತಪ್ಪಿಗೆ ಜನನ ಪ್ರಮಾಣಪತ್ರದಲ್ಲಿ ‘ಆಧ್ಯ’ ಆಗಿ ಕೂತಿರುತ್ತಾಳೆ, ಆಧಾರ್‌ನಲ್ಲಿ ‘ಆದ್ಯಾ’, ಶಾಲೆಯಲ್ಲಿ ‘ಆದ್ಯ’. ಮುಂದೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಬಂದಾಗ ಯಾವುದು ನಿಜವೆಂದು ಕೇಳುತ್ತಾರೆ.

ದಕ್ಷಿಣದವರಾದ ನಾವು ‘ತ’ಕ್ಕೆ ‘ಟಿ–ಎಚ್’ ಬರೆಯುತ್ತೇವೆ, ಉತ್ತರದವರು ಬರೀ ‘ಟಿ’. ನಮ್ಮ ಲತಾ ದೆಹಲಿಗೆ ಹೋದರೆ ಲಥಾ ಆಗುತ್ತಾಳೆ, ಅವರ ಬರವಣಿಗೆಯಲ್ಲಿ ನಮಗೆ ಲಟಾ ಕಾಣಿಸುತ್ತಾಳೆ. ಯಾವುದೂ ತಪ್ಪಲ್ಲ, ಒಂದನ್ನು ಹಿಡಿದು ಎಲ್ಲ ಕಾಗದದಲ್ಲೂ ಅದನ್ನೇ ಬರೆಯಬೇಕು. ಸಂಖ್ಯಾಶಾಸ್ತ್ರದವರ ಮಾತು ಕೇಳಿ ಎರಡು ‘ಎ’, ಒಂದು ‘ಎಚ್’, ಕೊನೆಗೊಂದು ‘ಎ’ ತುರುಕಿದ ಹೆಸರಿಗೆ ಈ ಅಪಾಯ ಮೂರು ಪಟ್ಟು. ಆ ಮಗು ಜೀವನವಿಡೀ ಫೋನಿನಲ್ಲಿ ಅಕ್ಷರ ಬಿಡಿಸಿ ಹೇಳುತ್ತಲೇ ಇರಬೇಕು. ನಂಬಿಕೆ ಇದ್ದೇ ಇದ್ದರೆ ಒಂದಕ್ಷರಕ್ಕೆ ನಿಲ್ಲಿಸಿ.

ವಿದೇಶದಲ್ಲಿರುವ ಕನ್ನಡಿಗರಿಗೆ ಇನ್ನೊಂದು ಮಾತು. ರಕ್ಷಿತ್, ಹರ್ಷಿತ್, ಅಕ್ಷಿತ್ ಚೆಂದದ ಹೆಸರುಗಳೇ, ಆದರೆ ಇಂಗ್ಲಿಷ್ ಬರಹದಲ್ಲಿ ಅವುಗಳೊಳಗೆ ಒಂದು ಬೈಗುಳ ಕೂತಿದೆ. ನಾವು ಕೊನೆಗೆ ಹಚ್ಚುವ ‘ಎಚ್’ ಅದನ್ನು ಮುಚ್ಚುವುದಿಲ್ಲ. ಅಲ್ಲಿನ ಶಾಲೆಯ ಅಂಗಳದ ಮಕ್ಕಳಿಗೆ ಕರುಣೆ ಕಡಿಮೆ.

ಕೂಗಿ ನೋಡಿ, ವಿಭಕ್ತಿ ಹಚ್ಚಿ ನೋಡಿ

ಬಾಯಿಗೆ ಬರದ ಹೆಸರು ಮನೆಯಲ್ಲಿ ಉಳಿಯುವುದಿಲ್ಲ. ಅಂಗಳದಲ್ಲಿ ನಿಂತು ಕೂಗಿ. ಆಮೇಲೆ ‘ಅವನಿಗೆ’, ‘ಅವಳಿಂದ’ ಎನ್ನುವ ಕಡೆ ಹೆಸರನ್ನೇ ಹಾಕಿ: ಕೃಷ್ಣನಿಗೆ, ಗೌರಿಯಿಂದ, ನೇಸರನ. ಸರಾಗ. ‘ಕಿಯಾನ್‌ನಿಗೆ’ ಎನ್ನಬೇಕೋ ‘ಕಿಯಾನ್‌ಗೆ’ ಎನ್ನಬೇಕೋ ಎಂದು ನಾಲಿಗೆ ತಡವರಿಸಿದರೆ ಅಜ್ಜಿ ಎರಡೇ ದಿನದಲ್ಲಿ ‘ಕಿಯಣ್ಣ’ ಮಾಡುತ್ತಾರೆ. ನನಗಂತೂ ಕಿಯಣ್ಣನೇ ಹೆಚ್ಚು ಮುದ್ದು. ವಯಸ್ಸಾದ ಮೇಲಿನ ರೂಪವನ್ನೂ ಕೇಳಿಸಿಕೊಳ್ಳಿ: ಸಾನ್ವಿ ಅತ್ತೆ, ಅದ್ವಿಕ್ ಮಾವ, ರಿಯಾಂಶ್ ತಾತ. ಈಗ ನಗು ಬರುತ್ತದೆ, ಆದರೆ ರಮ್ಯಾ ಅಜ್ಜಿ ಎಂದರೂ ಒಂದು ಕಾಲದಲ್ಲಿ ನಗು ಬರುತ್ತಿತ್ತು. ಆ ದಿನ ಈಗ ದೂರವಿಲ್ಲ. ಮುದ್ದಿನ ಹೆಸರಿಗಂತೂ ತಲೆ ಕೆಡಿಸಿಕೊಳ್ಳಬೇಡಿ. ಏನೇ ಹೆಸರಿಟ್ಟರೂ ಮನೆಯಲ್ಲಿ ಅದು ಚಿನ್ನು, ಪುಟ್ಟಿ, ಗುಂಡ.

ಇನಿಶಿಯಲ್ಲೋ, ಅಡ್ಡಹೆಸರೋ?

ಹಳೆ ಮೈಸೂರು ಕಡೆ ಊರು, ಅಪ್ಪ, ಆಮೇಲೆ ಹೆಸರು: ಹರದನಹಳ್ಳಿ ದೊಡ್ಡೇಗೌಡರ ಮಗ ದೇವೇಗೌಡ, ಎಚ್.ಡಿ. ಉತ್ತರ ಕರ್ನಾಟಕದಲ್ಲಿ ಹಿರೇಮಠ, ಪಾಟೀಲ, ಮೆಣಸಿನಕಾಯಿ ಎಂದು ಮನೆತನದ ಅಡ್ಡಹೆಸರು ಕೊನೆಗೆ. ಕೊಡಗಿನಲ್ಲಿ ಮನೆಹೆಸರು ಮೊದಲು, ಕೊಡಂದೇರ ಕಾರ್ಯಪ್ಪನವರ ಹಾಗೆ. ಪಾಸ್‌ಪೋರ್ಟ್ ಅರ್ಜಿಗೆ ಇದ್ಯಾವುದೂ ಗೊತ್ತಿಲ್ಲ; ಅದಕ್ಕೆ ಎರಡು ಅಂಕಣ ತುಂಬಬೇಕು. ಅಡ್ಡಹೆಸರಿನ ಅಂಕಣ ಖಾಲಿ ಬಿಟ್ಟವರ ಇರುವ ಹೆಸರು ಅಮೆರಿಕದ ವೀಸಾದಲ್ಲಿ ಅಡ್ಡಹೆಸರಿನ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ ಎಂಬ ಮೂರಕ್ಷರ ಅಂಟಿಕೊಳ್ಳುತ್ತದೆ, ಮೊದಲ ಹೆಸರು ಗೊತ್ತಿಲ್ಲ ಎಂಬುದರ ಗುರುತು. 2022ರ ನವೆಂಬರ್‌ನಲ್ಲಿ ಯುಎಇ ಒಂದೇ ಪದದ ಹೆಸರಿರುವವರಿಗೆ ಪ್ರವಾಸಿ ವೀಸಾ ಇಲ್ಲ ಎಂದಿತು. ಆಮೇಲೆ ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಸಾಕು ಎಂದು ಸಡಿಲಿಸಿತು.

ಅದಕ್ಕೆ ಜನನ ಪ್ರಮಾಣಪತ್ರದಲ್ಲೇ ಎರಡು ಪದ ಇರಲಿ. ಎರಡನೆಯದು ಅಪ್ಪನ ಹೆಸರಾಗಬಹುದು, ಅಮ್ಮನದ್ದಾಗಬಹುದು, ಊರಾಗಬಹುದು. ‘ಕೆ.’, ‘ಆರ್.’ ಎಂದು ಬರೀ ಅಕ್ಷರ ಬಿಡಬೇಡಿ, ಬಿಡಿಸಿ ಬರೆಯಿರಿ.

ನೋಂದಣಿ

1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು. ಆಸ್ಪತ್ರೆಯ ಹೆರಿಗೆಯಾದರೆ ವರದಿ ಮಾಡುವ ಹೊಣೆ ಆಸ್ಪತ್ರೆಯದು. ನೀವು ಕೊಡುವ ಅರ್ಜಿಯಲ್ಲಿ ಅಪ್ಪ ಅಮ್ಮನ ಹೆಸರಿನ ಕಾಗುಣಿತ ಸರಿ ಇದೆಯೇ ನೋಡಿ. ಬಹಳ ಜನರಿಗೆ ಗೊತ್ತಿಲ್ಲದ್ದು ಏನೆಂದರೆ, ಆ 21 ದಿನದಲ್ಲಿ ಮಗುವಿನ ಹೆಸರು ಹೇಳಲೇಬೇಕೆಂದಿಲ್ಲ. ಹೆಸರಿಲ್ಲದೆ ಜನನ ನೋಂದಾಯಿಸಿ, 12 ತಿಂಗಳೊಳಗೆ ಹೆಸರನ್ನು ಶುಲ್ಕವಿಲ್ಲದೆ ಸೇರಿಸಬಹುದು. ಅನಂತರವೂ 15 ವರ್ಷದವರೆಗೆ ತಡದ ಶುಲ್ಕ ಕಟ್ಟಿ ಸೇರಿಸಲು ಅವಕಾಶ ಇದೆ. ಹಾಗಾಗಿ ಡಿಸ್ಚಾರ್ಜ್ ದಿನ ನರ್ಸ್ ಕೇಳಿದರೆಂದು ಪಟ್ಟಿಯ ಮೊದಲ ಹೆಸರು ಹೇಳಿಬಿಡಬೇಡಿ. ತೊಟ್ಟಿಲ ಶಾಸ್ತ್ರ ಮುಗಿಯಲಿ, ಒಂದು ತಿಂಗಳು ಆ ಹೆಸರಿನಲ್ಲಿ ಕರೆದು ನೋಡಿ, ಒಗ್ಗಿದರೆ ಬರೆಸಿ. ಮುಸ್ಲಿಂ ಮನೆಗಳಲ್ಲಿ ಏಳನೆಯ ದಿನದ ಅಕೀಕಾ, ಕ್ರೈಸ್ತರಲ್ಲಿ ದೀಕ್ಷಾಸ್ನಾನ, ಯಾವುದೇ ಪದ್ಧತಿ ಇದ್ದರೂ ಈ ಅವಧಿಯೊಳಗೆ ಆರಾಮವಾಗಿ ಮುಗಿಯುತ್ತದೆ.

ಬರೆಸುವಾಗ ಮಾತ್ರ ಆತುರ ಬೇಡ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್, ಚಾಲನಾ ಪರವಾನಗಿ, ಮತದಾರರ ಪಟ್ಟಿ, ಮದುವೆ ನೋಂದಣಿ ಎಲ್ಲದಕ್ಕೂ ಹುಟ್ಟಿದ ದಿನ ಮತ್ತು ಸ್ಥಳದ ಪುರಾವೆ ಜನನ ಪ್ರಮಾಣಪತ್ರವೇ. ಅದರಲ್ಲಿ ಕೂತ ಹೆಸರು ಎಲ್ಲ ಕಡೆ ಹಿಂಬಾಲಿಸುತ್ತದೆ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನಕ್ಕೆ ಎರಡೇ ಅವಕಾಶ. ಜನನ ಪ್ರಮಾಣಪತ್ರದಲ್ಲಿ ಕಾಗುಣಿತ ತಿದ್ದುವುದು ಒಂದು ಬಗೆ, ಹೆಸರನ್ನೇ ಬದಲಿಸುವುದು ಇನ್ನೊಂದು ಬಗೆ. ಜ್ಯೋತಿಷ್ಯದ ಕಾರಣಕ್ಕೆ ಎರಡು ವರ್ಷದ ಮಗುವಿನ ಹೆಸರು ಬದಲಿಸಲು ಹೋದ ಉಡುಪಿಯ ಪೋಷಕರು ಹೈಕೋರ್ಟ್‌ವರೆಗೂ ಹೋಗಬೇಕಾಯಿತು. 2025ರಲ್ಲಿ ಕೋರ್ಟ್ ಬದಲಾವಣೆಗೆ ಒಪ್ಪಿತು, ಆದರೆ ಹಳೆಯ ಹೆಸರೂ ಹೊಸ ಹೆಸರೂ ಎರಡೂ ದಾಖಲೆಯಲ್ಲಿ ಕಾಣಬೇಕು ಎಂದಿತು.

ಕನ್ನಡದಲ್ಲಿ ಬರೆದ ಆ ಹಾಳೆ ಜೇಬಿನಲ್ಲಿರಲಿ. ಕೌಂಟರಿನಲ್ಲಿ ಬಾಯಲ್ಲಿ ಹೇಳಬೇಡಿ, ಹಾಳೆ ಕೊಡಿ. ಕನ್ನಡ ಮೇಲೆ, ಇಂಗ್ಲಿಷ್ ಕೆಳಗೆ, ದಪ್ಪ ಅಕ್ಷರದಲ್ಲಿ. ‘ಸಾರ್, ಪ್ರಿಂಟ್ ಕೊಡೋ ಮುಂಚೆ ಒಂದ್ಸಲ ಸ್ಕ್ರೀನ್ ತೋರಿಸ್ತೀರಾ?’ ಎಂದು ಕೇಳಿದರೆ ಹೆಚ್ಚಿನವರು ಬೇಸರಪಡದೆ ತೋರಿಸುತ್ತಾರೆ. ಒತ್ತು, ದೀರ್ಘ, ಮಹಾಪ್ರಾಣ ಮೂರನ್ನೂ ನೋಡಿ, ಅಪ್ಪ ಅಮ್ಮನ ಹೆಸರನ್ನೂ ಇನ್ನೊಮ್ಮೆ ಓದಿ, ಆಮೇಲೆ ಹೂಂ ಎನ್ನಿ.